ಶೀತವಲಯದಲ್ಲಿ ಉಷ್ಣವಲಯದ ಹಣ್ಣುಗಳ ಬೇಸಾಯ

ಹಿಮ ಬೀಳುವ ನಾಡುಗಳಲ್ಲಿ ಅನಾನಸು, ಬಾಳೆ, ಮಾವು ಮೊದಲಾದವನ್ನು ಗಾಜಿನ ಅಥವಾ ಪ್ಲಾಸ್ಟಿಕ್ ಹೊದಿಕೆಯ ಮನೆಗಳಲ್ಲಿ ಬೆಳೆಸಿ ಫಲ ಪಡೆಯುವ ಕ್ರಮ. ಕುಂಡದ ಕಿತ್ತಳೆ ಗಿಡಗಳನ್ನು ಚಳಿಗಾಲ ಕಳೆಯುವವರೆಗೆ ಒಳಗಿಡುವ ಪದ್ಧತಿ ಯುರೋಪಿನಲ್ಲಿ ಇದಕ್ಕಿಂತ ಹಳೆಯದು. ಕಿತ್ತಳೆಗೆ ಹಿಮ ತಾಗದಿದ್ದರೆ ಸಾಕು. ಅನಾನಸಿಗೆ ವರ್ಷವಿಡೀ ಬೆಚ್ಚಗಿರಬೇಕು.

ಚಳಿಯ ಪರಿಣಾಮ

ನೀರು ಹೆಪ್ಪುಗಟ್ಟುವಷ್ಟು ಚಳಿ ಬರುವ ಮೊದಲೇ ಈ ಗಿಡಗಳು ಸೊರಗುತ್ತವೆ. ಉಷ್ಣತೆ ಸುಮಾರು 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಬಾಳೆಕಾಯಿಯ ಸಿಪ್ಪೆ ಕಂದುತ್ತದೆ. ಮಾವಿನ ಸ್ವಭಾವ ಬೇರೆ. ತಂಪು ರಾತ್ರಿಗಳು ಅದರ ಹೂವಿಗೆ ಅನುಕೂಲ, ಹಿಮ ಮಾತ್ರ ಎಳೆ ಮರಕ್ಕೆ ಮಾರಕ.

ತೊಗಟೆ ಹಾಸು

ಹಾಲೆಂಡಿನಲ್ಲಿ ಆಗ್ನೆಟಾ ಬ್ಲಾಕ್ ತಮ್ಮ ತೋಟದಲ್ಲಿ 1687ರ ಸುಮಾರಿಗೆ ಅನಾನಸು ಹಣ್ಣಾಗಿಸಿದರು. ಆದರೆ ಆ ಕಾಲದ ಒಲೆಗಳು ಮನೆಯೊಳಗಿನ ಗಾಳಿಯನ್ನು ಒಣಗಿಸುತ್ತಿದ್ದವು. ಕೊಳವೆ ಬಿರಿದರೆ ಹೊಗೆ ನುಗ್ಗುತ್ತಿತ್ತು. ಬೇರು ತಣ್ಣಗೇ ಉಳಿಯುತ್ತಿತ್ತು. ಪರಿಹಾರ ಸಿಕ್ಕಿದ್ದು ಚರ್ಮ ಹದಮಾಡುವವರ ತಿಪ್ಪೆಯಲ್ಲಿ. ದಕ್ಷಿಣ ಭಾರತದಲ್ಲಿ ಹದಕ್ಕೆ ತಂಗಡಿ ತೊಗಟೆ ಬಳಸಿದಂತೆ ಅಲ್ಲಿ ಓಕ್ ತೊಗಟೆ ಬಳಕೆಯಲ್ಲಿತ್ತು. ರಸ ಬಿಟ್ಟ ತೊಗಟೆಪುಡಿಯನ್ನು ಇಟ್ಟಿಗೆ ಕಟ್ಟಿದ ಗುಂಡಿಯಲ್ಲಿ ತುಂಬಿದರೆ ಅದು ನಿಧಾನವಾಗಿ ಕೊಳೆಯುತ್ತ ತಿಂಗಳುಗಟ್ಟಲೆ ಹಿತವಾದ ಕಾವು ಕೊಡುತ್ತಿತ್ತು. ಕುದುರೆ ಲದ್ದಿಯ ಕಾವು ಇದಕ್ಕಿಂತ ತೀಕ್ಷ್ಣ, ಆದರೆ ಬೇಗ ಇಳಿಯುವಂಥದು. ಅದರಿಂದೇಳುವ ಅಮೋನಿಯಾ ಎಲೆಗಳಿಗೆ ಕೆಡುಕು. ಕುಂಡಗಳನ್ನು ಅಂಚಿನವರೆಗೆ ತೊಗಟೆಯಲ್ಲಿ ಹುಗಿಯುತ್ತಿದ್ದರು. ಕಾವು ಇಳಿದಾಗ ಹಾಸನ್ನು ಮಗುಚಿ ಹೊಸ ತೊಗಟೆ ಸೇರಿಸಬೇಕಿತ್ತು. ಹಾಸಿಗೆ ಕೋಲು ಚುಚ್ಚಿಟ್ಟು, ಅದನ್ನು ಎಳೆದು ಮುಟ್ಟಿ ಕಾವನ್ನು ಅಂದಾಜು ಮಾಡುವ ರೂಢಿಯೂ ಇತ್ತು.

ಈ ವಿಧಾನ ಇಂಗ್ಲೆಂಡಿನಲ್ಲಿ ನೆಲೆಯೂರಲು ರಿಚ್ಮಂಡ್‌ನಲ್ಲಿದ್ದ ಡಚ್ ಮೂಲದ ವರ್ತಕ ಮ್ಯಾಥ್ಯೂ ಡೆಕರ್‌ನ ತೋಟ ಮುಖ್ಯ ಕಾರಣವೆನ್ನಬಹುದು. ಅಲ್ಲಿ ಬೆಳೆದ ಅನಾನಸಿನ ಚಿತ್ರವನ್ನು 1720ರಲ್ಲಿ ಥಿಯೊಡೋರಸ್ ನೆಟ್ಷರ್ ಬರೆದ. ಕೀರ್ತಿ ಒಡೆಯನಿಗೆ ಸಂದರೂ ಕೆಲಸ ತೋಟಗಾರ ಹೆನ್ರಿ ಟೆಲೆಂಡನದು. ಒಂದು ಹಣ್ಣಿಗೆ ಎರಡು ಮೂರು ವರ್ಷ ಕಾಯಬೇಕಾಗುತ್ತಿತ್ತು.

ಗಾಜು ಮತ್ತು ಬಿಸಿನೀರು

19ನೆಯ ಶತಮಾನದಲ್ಲಿ ಬಿಸಿನೀರಿನ ಕೊಳವೆಗಳು ತೊಗಟೆಯ ಜಾಗ ಹಿಡಿದವು. ಬ್ರಿಟನ್ 1845ರಲ್ಲಿ ಗಾಜಿನ ಮೇಲಿನ ಸುಂಕ ತೆಗೆದ ಮೇಲೆ ಗಾಜಿನಮನೆ ಮಧ್ಯಮವರ್ಗದ ಕೈಗೂ ಎಟುಕಿತು. ಚಾಟ್ಸ್‌ವರ್ತ್‌ನಲ್ಲಿ ಜೋಸೆಫ್ ಪ್ಯಾಕ್ಸ್‌ಟನ್ 1830ರ ದಶಕದಲ್ಲಿ ಬೆಳೆಸಿದ ಗಿಡ್ಡ ಬಾಳೆಗೆ ಅಲ್ಲಿನ ಡ್ಯೂಕ್‌ನ ಮನೆತನದ ಹೆಸರಿನಿಂದ ‘ಕ್ಯಾವೆಂಡಿಷ್’ ಎಂಬ ಹೆಸರು ಬಂತು. ಕರ್ನಾಟಕದ ಪಚ್ಚಬಾಳೆಯೂ ಈ ಗುಂಪಿನದೇ. ಮುಂದೆ ಹಡಗುಗಳಲ್ಲಿ ಹಣ್ಣು ಅಗ್ಗವಾಗಿ ಬರತೊಡಗಿದಾಗ ಶ್ರೀಮಂತರ ಅನಾನಸು ಗುಂಡಿಗಳು ಪಾಳುಬಿದ್ದವು.

ಇಂದಿನ ಸ್ಥಿತಿ

ಜಪಾನಿನ ಮಿಯಾಜಾಕಿಯಲ್ಲಿ ಫ್ಲೋರಿಡಾ ಮೂಲದ ‘ಇರ್ವಿನ್’ ಮಾವನ್ನು ಚಳಿಗಾಲದಲ್ಲಿ ಕಾಯಿಸಿದ ಪ್ಲಾಸ್ಟಿಕ್ ಮನೆಗಳಲ್ಲಿ ಬೆಳೆಯುತ್ತಾರೆ. ಪ್ರತಿ ಕಾಯಿಗೂ ಬಲೆ ಕಟ್ಟಿ, ತಾನಾಗಿ ಕಳಚಿ ಬಿದ್ದದ್ದನ್ನೇ ಕೊಯ್ಲೆಂದು ಎಣಿಸುತ್ತಾರೆ. ಅವುಗಳಲ್ಲಿ 350 ಗ್ರಾಂಗಿಂತ ಕಡಿಮೆಯಿಲ್ಲದ, ಸಿಹಿ ಮತ್ತು ಬಣ್ಣದ ಪರೀಕ್ಷೆಯಲ್ಲಿ ಗೆದ್ದ ಹಣ್ಣು ಮಾತ್ರ ‘ತೈಯೋ ನೊ ತಮಾಗೊ’ ಎಂಬ ಹೆಸರಿನಲ್ಲಿ ಮಾರಾಟವಾಗುತ್ತದೆ.

ಐಸ್‌ಲ್ಯಾಂಡಿನಲ್ಲಿ ನೆಲದಡಿಯ ಬಿಸಿನೀರು ಧಾರಾಳ. ಹ್ವೆರಾಗೆರ್ದಿ ಬಳಿಯ ಕೃಷಿ ವಿಶ್ವವಿದ್ಯಾಲಯದ ಮನೆಗಳಲ್ಲಿ ಬಾಳೆ ಈಗಲೂ ಇದೆ. ಅಲ್ಲಿನ ಕೊರತೆ ಶಾಖದ್ದಲ್ಲ, ಬೆಳಕಿನದು. ಚಳಿಗಾಲದ ಹಗಲು ತೀರ ಚಿಕ್ಕದಾದ್ದರಿಂದ ಗೊನೆ ಬಲಿಯಲು ಉಷ್ಣವಲಯಕ್ಕಿಂತ ಬಹಳ ಹೆಚ್ಚು ಕಾಲ ಹಿಡಿಯುತ್ತದೆ.