ಹೊರಡುವಾಗ ಕಲಿತ ಕಸುಬು

ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣದಿಂದ ಉತ್ತರಕ್ಕೆ ಹೊರಟರೆ ಎಡಗಡೆಯ ಗುಡ್ಡದ ಮೇಲೆ ದೊಡ್ಡ ಬಿಳಿ ಅಕ್ಷರಗಳು ಕಾಣುತ್ತವೆ: ಸೌತ್ ಸ್ಯಾನ್ ಫ್ರಾನ್ಸಿಸ್ಕೋ, ಕೈಗಾರಿಕಾ ನಗರ. 1929ರಲ್ಲಿ ಕಾಂಕ್ರೀಟಿನಲ್ಲಿ ಕಟ್ಟಿದ ಅಕ್ಷರಗಳಿವು. ಆಗ ಇದು ಉಕ್ಕಿನ ಕಾರ್ಖಾನೆಗಳ, ಕಸಾಯಿಖಾನೆಗಳ ಊರು. 1976ರಲ್ಲಿ ಆರಂಭವಾದ ಜೆನೆನ್‌ಟೆಕ್ ಕಂಪನಿ ಇಲ್ಲಿ ನೆಲೆಯೂರಿದ ಮೇಲೆ ಜೈವಿಕ ತಂತ್ರಜ್ಞಾನದ ಊರಾಯಿತು. ಪಕ್ಕದ ಡೇಲಿ ಸಿಟಿಯನ್ನೂ ಸೇರಿಸಿಕೊಂಡರೆ, ಅಮೆರಿಕದಲ್ಲಿ ಫಿಲಿಪಿನೋ ಕುಟುಂಬಗಳು ಬಹಳ ದಟ್ಟವಾಗಿ ನೆಲೆಸಿರುವ ಸೀಮೆಗಳಲ್ಲಿ ಇದೂ ಒಂದು. ಸುತ್ತಲಿನ ಬೇ ಏರಿಯಾದ ಕನ್ನಡಿಗರಿಗೆ ಈ ಸಮುದಾಯದ ಪರಿಚಯ ಹೆಚ್ಚಾಗಿ ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲೇ ಆಗುತ್ತದೆ: ಒಬ್ಬ ನರ್ಸ್, ಇಲ್ಲವೇ ವಯಸ್ಸಾದ ಅಪ್ಪ ಅಮ್ಮನನ್ನು ನೋಡಿಕೊಳ್ಳಲು ಬರುವ ಕೇರ್‌ಗಿವರ್. ಅವರ ತವರು ನಾಡಾದ ಫಿಲಿಪೀನ್ಸ್‌ನಲ್ಲಿ ವಲಸೆ ಹೋಗುವವರಿಗೆ ಸರ್ಕಾರವೇ ಕಸುಬು ಕಲಿಸುವ ಏರ್ಪಾಡೊಂದು ಐವತ್ತು ವರ್ಷಗಳಿಂದ ಬೆಳೆದು ಬಂದಿದೆ.

ಇದು ಶುರುವಾದದ್ದು ಕಲಿಸುವ ಉದ್ದೇಶದಿಂದಲ್ಲ, ಕಳಿಸುವ ಉದ್ದೇಶದಿಂದ. 1974ರಲ್ಲಿ ಅಧ್ಯಕ್ಷ ಮಾರ್ಕೋಸ್ ತಂದ ಕಾರ್ಮಿಕ ಸಂಹಿತೆ ಹೊರದೇಶದ ಉದ್ಯೋಗವನ್ನು ಸರ್ಕಾರದ ನೀತಿಯನ್ನಾಗಿ ಮಾಡಿತು. ತೈಲದ ಬೆಲೆ ಏರಿತ್ತು, ಕೊಲ್ಲಿ ದೇಶಗಳಿಗೆ ಕಟ್ಟಡ ಕೆಲಸಗಾರರು ಬೇಕಾಗಿದ್ದರು, ಮನಿಲಾಕ್ಕೆ ಡಾಲರ್ ಬೇಕಾಗಿತ್ತು. 1977ರ ಮೇ 1ರಂದು ಸಾಗರೋತ್ತರ ಕಾರ್ಮಿಕರಿಗಾಗಿ ಕ್ಷೇಮ ಮತ್ತು ತರಬೇತಿ ನಿಧಿ ಹುಟ್ಟಿತು. 1983ರಿಂದ ಹೊರಡುವ ಮುನ್ನ ಒಂದು ತಿಳಿವಳಿಕೆ ತರಗತಿ ಕಡ್ಡಾಯವಾಯಿತು. 1987ರಲ್ಲಿ ನಿಧಿಯ ಆಡಳಿತಕ್ಕೆ ಓವಾ ಎಂಬ ಹೆಸರು ಬಂತು. 1994ರಲ್ಲಿ ತಾಂತ್ರಿಕ ಕೌಶಲಗಳಿಗಾಗಿಯೇ ಟೆಸ್ಡಾ ಸ್ಥಾಪನೆಯಾಯಿತು. ಕಸುಬು ಬಲ್ಲವರಿಗೆ ಪರೀಕ್ಷೆ ಮಾಡಿ ರಾಷ್ಟ್ರೀಯ ಪ್ರಮಾಣಪತ್ರ ಕೊಡುವ ಸಂಸ್ಥೆ ಇದೇ.

ಮರುವರ್ಷ ದೇಶವೇ ನಡುಗಿತು. 1995ರ ಮಾರ್ಚ್ 17ರಂದು ಫ್ಲೋರ್ ಕಾಂಟೆಂಪ್ಲಾಸಿಯೋನ್ ಎಂಬ ಫಿಲಿಪಿನೋ ಮನೆಗೆಲಸದ ಹೆಂಗಸನ್ನು ಕೊಲೆ ಪ್ರಕರಣದಲ್ಲಿ ಸಿಂಗಪುರದಲ್ಲಿ ನೇಣಿಗೇರಿಸಿದರು. ಜನರ ಸಿಟ್ಟು ಬೀದಿಗಿಳಿಯಿತು. ಮೂರು ತಿಂಗಳೊಳಗೆ ಬಂದ ವಲಸೆ ಕಾರ್ಮಿಕರ ಕಾಯ್ದೆಯಲ್ಲಿ ಒಂದು ಮಾತು ಸೇರಿತು: ವಲಸಿಗರಿಗೆ ಪರಮ ರಕ್ಷಣೆ ಅವರ ಕೌಶಲವೇ. ಅಲ್ಲಿಂದ ಮುಂದೆ ತರಬೇತಿಯ ನೀತಿಯೆಲ್ಲ ಈ ನಂಬಿಕೆಯ ಮೇಲೆಯೇ ನಿಂತಿದೆ. 2006ರಲ್ಲಿ ಲೆಬನಾನ್ ಯುದ್ಧದಿಂದ ಓಡಿ ಬಂದ ಮನೆಗೆಲಸದವರಿಗೆ ಮತ್ತೆ ತರಬೇತಿ ಕೊಡಿಸುವುದಾಗಿ ಅಧ್ಯಕ್ಷೆ ಅರೋಯೋ ಹೇಳಿದರು. ಅದೇ ವರ್ಷದ ಕೊನೆಗೆ ಮನೆಗೆಲಸಕ್ಕೆ ಹೋಗುವವರಿಗೆ ಪ್ರಮಾಣಪತ್ರವೂ ತಿಂಗಳಿಗೆ 400 ಡಾಲರ್ ಕನಿಷ್ಠ ಸಂಬಳವೂ ನಿಯಮವಾದವು.

ಈ ಚರಿತ್ರೆಯಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಕುಟುಂಬದ ಭಾಗ. ಕಡಲಾಚೆ ದುಡಿಯುವವರ ಹೆಂಡತಿ, ಗಂಡ, ಮಕ್ಕಳು, ಮದುವೆಯಾಗದವರಾದರೆ ಒಡಹುಟ್ಟಿದವರು ಓವಾದ ವಿದ್ಯಾರ್ಥಿವೇತನ ಪಡೆದು ಅಲ್ಪಾವಧಿ ಕಸುಬು ಕಲಿಯಬಹುದು. ಕೋರ್ಸಿಗೆ 14,500 ಪೆಸೊವರೆಗೆ. ಹೊಲಿಗೆ, ಅಡುಗೆ, ವೆಲ್ಡಿಂಗ್, ಏನಾದರೂ ಆಗಬಹುದು. 2004ರ ಸುಮಾರಿಗೆ ಮೈಕ್ರೋಸಾಫ್ಟ್ ಜೊತೆ ಸೇರಿ ಟುಲಾಯ್ ಎಂಬ ಕಂಪ್ಯೂಟರ್ ತರಗತಿಗಳನ್ನು ತೆರೆದರು. ಟಗಾಲೋಗ್ ಭಾಷೆಯಲ್ಲಿ ಹಾಗೆಂದರೆ ಸೇತುವೆ. ಹಾಂಗ್‌ಕಾಂಗ್‌ನಲ್ಲಿ ದುಡಿಯುವ ತಾಯಿ ಊರಲ್ಲಿರುವ ಮಗುವಿಗೆ ಇಮೇಲ್ ಬರೆಯಲು ಕಲಿಯಲಿ ಎಂಬ ಸರಳ ಆಸೆ ಅದರ ಹಿಂದಿತ್ತು. ವಲಸೆ ಹೋಗುವವರು ಒಬ್ಬರೇ ಅಲ್ಲ, ಇಡೀ ಮನೆ ಎಂಬುದನ್ನು ಒಂದು ಸರ್ಕಾರ ಒಪ್ಪಿಕೊಂಡದ್ದು ದೊಡ್ಡ ಮಾತು.

ಆದರೆ ಈ ಹಣ ಯಾರದ್ದು? ಸರ್ಕಾರಿ ಅನುದಾನ ಎಂದು ಎಲ್ಲರೂ ಹೇಳುತ್ತಾರೆ. ಟೆಸ್ಡಾ ನಡೆಯುವುದು ತೆರಿಗೆಯಿಂದ, ನಿಜ. ಓವಾ ನಿಧಿ ಮಾತ್ರ ಕಾರ್ಮಿಕರ ಹೆಸರಿನಲ್ಲಿ ಸಂದಾಯವಾಗುವ 25 ಡಾಲರ್ ಚಂದಾದಿಂದ ಬೆಳೆದದ್ದು. ಅದನ್ನು ಧಣಿಯೇ ಕೊಡಬೇಕೆಂಬ ಆಶಯವಿದ್ದರೂ ಎಷ್ಟೋ ಸಲ ಕಾರ್ಮಿಕರ ಜೇಬಿನಿಂದಲೇ ಹೋಗುತ್ತದೆ. 2016ರ ಕಾಯ್ದೆ ಇದು ಅವರ ಪರವಾಗಿ ಕಾಪಾಡಬೇಕಾದ ಖಾಸಗಿ ನಿಧಿ ಎಂದು ಸ್ಪಷ್ಟವಾಗಿ ಬರೆಯಿತು, ಆಡಳಿತದ ಖರ್ಚನ್ನು ಬಜೆಟ್ಟಿಗೆ ವಹಿಸಿತು. ಸರಿಯಾದ ತೀರ್ಮಾನ, ಆದರೆ ನಿಧಿ ಹುಟ್ಟಿ ಸುಮಾರು ನಲವತ್ತು ವರ್ಷದ ಮೇಲೆ ಬಂದದ್ದು.

ಈಗ ಸೌತ್ ಸ್ಯಾನ್ ಫ್ರಾನ್ಸಿಸ್ಕೋಗೆ ಮರಳೋಣ. ಕೌಶಲವೇ ರಕ್ಷಣೆ ಎಂಬ ಮಾತು ನಿಜವೋ ಅಲ್ಲವೋ ಎಂಬುದು ಗೊತ್ತಾಗುವುದು ಇಂಥ ಊರಿನಲ್ಲಿ. ಇಲ್ಲಿನ ಬಹಳ ಕುಟುಂಬಗಳು 1965ರ ವಲಸೆ ಕಾಯ್ದೆಯ ನಂತರ ನೆಲೆಸಲೆಂದೇ ಬಂದವು. ಗ್ರೀನ್ ಕಾರ್ಡ್ ಹಿಡಿದು ಬರುವವರನ್ನು ಮನಿಲಾದಲ್ಲಿ ನೋಡಿಕೊಳ್ಳುವುದು 1980ರಲ್ಲಿ ಸ್ಥಾಪನೆಯಾದ ಬೇರೆಯೇ ಆಯೋಗ. ಒಂದು ತಿಳಿವಳಿಕೆ ತರಗತಿ ಕೊಟ್ಟು ಕಳಿಸಿಕೊಡುತ್ತದೆ. ಮುಂದಿನದು ಅವರವರ ಪಾಡು. ಟೆಸ್ಡಾದ ಕೇರ್‌ಗಿವರ್ ಕೋರ್ಸು ಬಹುಕಾಲ 786 ಗಂಟೆಗಳದ್ದಾಗಿತ್ತು. ಕ್ಯಾಲಿಫೋರ್ನಿಯಾದಲ್ಲಿ ಪ್ರಮಾಣಿತ ನರ್ಸಿಂಗ್ ಸಹಾಯಕರಾಗಲು ಬೇಕಾದದ್ದು 160 ಗಂಟೆ. ಆದರೂ 786 ಗಂಟೆ ಕಲಿತು ಬಂದವರು ಈ 160 ಗಂಟೆಗೆ ಮತ್ತೆ ಕೂರಬೇಕು, ಫೀಸು ಹೊಂದಿಸಬೇಕು. ಊರಲ್ಲಿ ವೈದ್ಯರಾಗಿದ್ದವರು ಇಲ್ಲಿ ವೃದ್ಧರ ಆರೈಕೆಗೆ ನಿಲ್ಲುವುದೂ ಉಂಟು. ಅಂಥವರಿಗೆ ದಾರಿ ತೋರಿಸಲೆಂದೇ 2001ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವೆಲ್ಕಮ್ ಬ್ಯಾಕ್ ಕೇಂದ್ರ ಆರಂಭವಾಯಿತು. ಪಕ್ಕದ ಸ್ಯಾನ್ ಬ್ರೂನೋದ ಸ್ಕೈಲೈನ್ ಕಾಲೇಜು ಫಿಲಿಪಿನೋ ಮಕ್ಕಳಿಗಾಗಿ ಕಬಬಾಯಾನ್ ಎಂಬ ಕಲಿಕಾ ಕಾರ್ಯಕ್ರಮ ನಡೆಸುತ್ತದೆ. ನನ್ನ ಮಟ್ಟಿಗೆ, ಈ ಕಥೆಯಲ್ಲಿ ನಿಜವಾದ ಸರ್ಕಾರಿ ಅನುದಾನವೆಂದರೆ ಇಂಥ ಸಾರ್ವಜನಿಕ ಕಾಲೇಜುಗಳೇ.

ಅದೇ 2001ರ ನವೆಂಬರಿನಲ್ಲಿ ಅಮೆರಿಕದ ವಿಮಾನಯಾನ ಭದ್ರತಾ ಕಾಯ್ದೆ ಬಂತು. ವಿಮಾನ ನಿಲ್ದಾಣದಲ್ಲಿ ತಪಾಸಣೆ ಮಾಡುವವರು ಅಮೆರಿಕದ ಪೌರರೇ ಆಗಿರಬೇಕು ಎಂದಿತು. ಸ್ಯಾನ್ ಫ್ರಾನ್ಸಿಸ್ಕೋ ನಿಲ್ದಾಣದ ತಪಾಸಕರಲ್ಲಿ ಆಗ ಬಹುಪಾಲು ಜನ ಫಿಲಿಪಿನೋ ವಲಸಿಗರು. ವರ್ಷಗಟ್ಟಲೆ ಮಾಡಿ ಪಳಗಿದ ಕೆಲಸ ಎಷ್ಟೋ ಜನರ ಕೈತಪ್ಪಿತು. ಕೌಶಲದ ಕೊರತೆ ಅಲ್ಲಿರಲಿಲ್ಲ. ಕೋವಿಡ್ ಬಂದಾಗ ಇನ್ನೂ ಕಹಿಯಾದ ಲೆಕ್ಕ ಸಿಕ್ಕಿತು: ಅಮೆರಿಕದ ನರ್ಸುಗಳಲ್ಲಿ ಫಿಲಿಪಿನೋಗಳು ಸುಮಾರು ಶೇಕಡಾ 4, 2020ರ ಸೆಪ್ಟೆಂಬರ್ ಹೊತ್ತಿಗೆ ಕೋವಿಡ್‌ನಿಂದ ಸತ್ತ ನರ್ಸುಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು. ಕೌಶಲ ಕೆಲಸ ಕೊಡಿಸುತ್ತದೆ. ರಕ್ಷಣೆಗೆ ಕಾನೂನು ಬೇಕು, ಪೌರತ್ವ ಬೇಕು, ಸಂಘಟನೆ ಬೇಕು.

ನಮ್ಮ ಕಡೆ ಈ ಹಾದಿ ಈಗಷ್ಟೇ ಶುರುವಾಗಿದೆ. ಪ್ರವಾಸಿ ಕೌಶಲ ವಿಕಾಸ ಯೋಜನೆಯನ್ನು ಪ್ರಧಾನಿ ಘೋಷಿಸಿದ್ದು 2017ರ ಜನವರಿಯಲ್ಲಿ, ಬೆಂಗಳೂರಿನ ಪ್ರವಾಸಿ ಭಾರತೀಯ ದಿವಸದ ವೇದಿಕೆಯಿಂದ. ಮರುವರ್ಷ ಹೊರಡುವ ಮುನ್ನಿನ ಒಂದು ದಿನದ ತರಬೇತಿ ಬಂತು. 2009ರ ಭಾರತೀಯ ಸಮುದಾಯ ಕ್ಷೇಮ ನಿಧಿಯೂ ರಾಯಭಾರ ಕಚೇರಿಗಳಲ್ಲಿ ವಲಸಿಗರೇ ಕಟ್ಟುವ ಶುಲ್ಕದಿಂದ ತುಂಬುವಂಥದ್ದು. ಕರ್ನಾಟಕ ಕೌಶಲ್ಯಾಭಿವೃದ್ಧಿ ನಿಗಮದ ಅಂತರರಾಷ್ಟ್ರೀಯ ವಲಸೆ ಕೇಂದ್ರ ಹೊರದೇಶದ ಕೆಲಸಕ್ಕೆ ಜನರನ್ನು ಸಿದ್ಧಗೊಳಿಸುತ್ತಿದೆ. ಆ ಕೇಂದ್ರ ನಡೆಸುವವರಲ್ಲಿ ನನ್ನದೊಂದು ಕೋರಿಕೆ. ಮಂಗಳೂರಿನಿಂದ, ಭಟ್ಕಳದಿಂದ, ಕಲಬುರಗಿಯಿಂದ ಹೊರಡುವವರ ಜೊತೆ ಅವರ ಮನೆಯವರ ಹೆಸರನ್ನೂ ತರಬೇತಿಯ ಪಟ್ಟಿಗೆ ಬರೆದುಕೊಳ್ಳಿ. ಇಲ್ಲಿ ಕೊಡುವ ಪ್ರಮಾಣಪತ್ರ ಅಲ್ಲಿ ನಡೆಯುತ್ತದೆಯೇ ಎಂಬುದನ್ನು ಆ ದೇಶದೊಡನೆ ಮಾತಾಡಿ ಬರವಣಿಗೆಯಲ್ಲಿ ಪಡೆದ ಮೇಲೆಯೇ ವಿಮಾನ ಹತ್ತಿಸಿ.