ಬಿ.ಎ., ಎಲ್.ಟಿ.

ಬಂಟ್ವಾಳದ ಕಡೆ ನಾವು ಹೈಸ್ಕೂಲಿಗೆ ಹೋಗುವ ದಾರಿಯಲ್ಲಿ ಒಂದು ಹಂಚಿನ ಮನೆಯಿತ್ತು. ದಣಪೆಯ ಪಕ್ಕದ ಕಂಬಕ್ಕೆ ಹೊಡೆದ ಹಲಗೆಯ ಮೇಲೆ ಬಿಳಿ ಬಣ್ಣದಲ್ಲಿ ಯಜಮಾನರ ಹೆಸರು, ಅದರ ಮುಂದೆ ‘ಬಿ.ಎ., ಎಲ್.ಟಿ.’ ಎಂಬ ಅಕ್ಷರಗಳು. ಬಿ.ಎ. ಏನೆಂದು ನಮಗೆ ಗೊತ್ತಿತ್ತು. ಎಲ್.ಟಿ. ಅಂದರೆ ‘ಲೇಟ್’, ಅಂದರೆ ಮಾಸ್ಟ್ರು ತೀರಿಹೋಗಿದ್ದಾರೆ ಎಂದು ನಮ್ಮಲ್ಲೊಬ್ಬ ನಂಬಿಸಿದ್ದ. ಮಾಸ್ಟ್ರೇನೋ ದಿನಾ ಸಂಜೆ ಜಗಲಿಯಲ್ಲಿ ಕೂತು ವೀಳ್ಯ ಮೆಲ್ಲುತ್ತಿದ್ದರು. ನಾವು ಆ ಮನೆಯ ಮುಂದೆ ಸ್ವಲ್ಪ ಜೋರಾಗಿಯೇ ನಡೆಯುತ್ತಿದ್ದೆವು.

ಎಲ್.ಟಿ. ಎಂದರೆ ಲೈಸೆನ್ಶಿಯೇಟ್ ಇನ್ ಟೀಚಿಂಗ್. ಪಾಠ ಹೇಳಲು ಮದ್ರಾಸ್ ವಿಶ್ವವಿದ್ಯಾಲಯ ಕೊಡುತ್ತಿದ್ದ ಪರವಾನಗಿ. ನಾನು ಬಿ.ಎಡ್. ಸೇರುವ ಹೊತ್ತಿಗೆ ಆ ಹೆಸರು ಸತ್ತೇಹೋಗಿತ್ತು. ಮೂವತ್ತನಾಲ್ಕು ವರ್ಷ ಸರ್ಕಾರಿ ಹೈಸ್ಕೂಲುಗಳಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತನಾದ ಮೇಲೆ, ಆ ಮಾಸ್ಟ್ರ ಸೊಸೆ ಕರೆದು ಒಂದು ಹಳೇ ನೋಟ್‌ಬುಕ್ ಕೊಟ್ಟರು. ‘ಮಾವನವರದ್ದು, ಇಲ್ಲಿದ್ದರೆ ಒರಲೆ ತಿನ್ನುತ್ತದೆ, ನಿಮಗಾದರೆ ಅರ್ಥ ಆದೀತು’ ಅಂದರು. ಅದು 1930ರ ದಶಕದಲ್ಲಿ ಅವರು ಮದ್ರಾಸಿನ ಸೈದಾಪೇಟೆಯಲ್ಲಿ ಎಲ್.ಟಿ. ಮಾಡುವಾಗ ಬರೆದ ಪಾಠಟಿಪ್ಪಣಿಗಳ ಪುಸ್ತಕ. ಈ ಬರಹಕ್ಕೆ ಅದೇ ಕಾರಣ.

ಇಂಗ್ಲಿಷ್ ಬಂದವನಿಗೆ ಇಂಗ್ಲಿಷ್ ಕಲಿಸಲೂ ಬರುತ್ತದೆ ಎಂದೇ ಮೊದಲಿನವರು ತಿಳಿದಿದ್ದರು. ಕಂಪನಿ ಸರ್ಕಾರದ ಕಾಲದಲ್ಲಿ ಮಾಸ್ಟರ ಕೆಲಸಕ್ಕೆ ಬೇರೆ ತರಬೇತಿ ಕೇಳಿದವರು ಕಡಿಮೆ. 1854ರಲ್ಲಿ ಬಂದ ವುಡ್‌ನ ಶಿಕ್ಷಣ ಆಜ್ಞಾಪತ್ರ ಪ್ರತಿ ಪ್ರೆಸಿಡೆನ್ಸಿಯಲ್ಲೂ ಶಿಕ್ಷಕರ ತರಬೇತಿ ಶಾಲೆ ಬೇಕೆಂದಿತು. ಮದ್ರಾಸಿನಲ್ಲಿ 1856ರಲ್ಲಿ ನಾರ್ಮಲ್ ಸ್ಕೂಲ್ ಶುರುವಾಯಿತು. ಅದೇ ಮುಂದೆ ಊರಾಚೆಯ ಸೈದಾಪೇಟೆಗೆ ಹೋಗಿ ಟೀಚರ್ಸ್ ಕಾಲೇಜು ಎನಿಸಿಕೊಂಡಿತು. ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯದ್ದೇ. ಬಿ.ಎ. ಆದ ಮೇಲೆ ಹೈಸ್ಕೂಲು ಮಾಸ್ಟರಾಗಿ ಗಟ್ಟಿಯಾಗಿ ನೆಲೆಯೂರಬೇಕು, ಹೆಡ್‌ಮಾಸ್ಟರ್ ಆಗಬೇಕು ಅನ್ನುವವರು ಸೈದಾಪೇಟೆಯ ದಾರಿ ಹಿಡಿಯುತ್ತಿದ್ದರು. 1907ರಲ್ಲಿ ಮಂಗಳೂರಿಗೆ ರೈಲು ಬರುವವರೆಗೆ ಅದು ಸುಲಭದ ದಾರಿಯೂ ಅಲ್ಲ. ನಮ್ಮ ಬಂಟ್ವಾಳದವರೇ ಆದ ಪಂಜೆ ಮಂಗೇಶರಾಯರು ಎಲ್.ಟಿ. ಮಾಡಿಕೊಂಡವರು. ಶಾಲಾ ಇನ್‌ಸ್ಪೆಕ್ಟರಾಗಿ ಜಿಲ್ಲೆ ಸುತ್ತಿದರು, ಕೊಡಗಿನಲ್ಲಿ ಹೆಡ್‌ಮಾಸ್ಟರಾದರು. ಮಕ್ಕಳ ಪದ್ಯ ಬರೆದ ಪಂಜೆಯವರನ್ನು ಎಲ್ಲರೂ ಬಲ್ಲರು, ಎಲ್.ಟಿ. ಪಂಜೆಯವರನ್ನು ಮರೆತಿದ್ದೇವೆ. 1910ರ ಸುಮಾರಿಗೆ ಮದ್ರಾಸ್ ಪ್ರೆಸಿಡೆನ್ಸಿ ಕಾಲೇಜಿನ ಒಬ್ಬ ಎಳೆಯ ಅಧ್ಯಾಪಕರನ್ನೂ ಇದೇ ಸೈದಾಪೇಟೆಗೆ ತರಬೇತಿಗೆ ಕಳಿಸಿದ್ದರು. ಅವರು ಸರ್ವೆಪಲ್ಲಿ ರಾಧಾಕೃಷ್ಣನ್. ಶಿಕ್ಷಕರ ದಿನ ಯಾರ ಹೆಸರಿನಲ್ಲಿದೆಯೋ ಅವರಿಗೂ ಟ್ರೈನಿಂಗ್ ತಪ್ಪಲಿಲ್ಲ ಎಂದು ನಾನು ಸೆಪ್ಟೆಂಬರ್ 5ರ ಭಾಷಣಗಳಲ್ಲಿ ತಪ್ಪದೆ ಹೇಳುತ್ತಿದ್ದೆ.

ಮುಂಬೈ ಕರ್ನಾಟಕದವರಿಗೆ ಬೇರೆ ದಾರಿ. 1906ರಲ್ಲಿ ಮುಂಬೈಯಲ್ಲಿ ಸೆಕೆಂಡರಿ ಟ್ರೈನಿಂಗ್ ಕಾಲೇಜು ತೆರೆಯಿತು, ಅಲ್ಲಿ ಓದಿದವರು ಬಿ.ಟಿ. ಆದರು. ಮೈಸೂರಿನವರೂ ತಮ್ಮ ವಿಶ್ವವಿದ್ಯಾಲಯದಲ್ಲಿ ಬಿ.ಟಿ.ಯನ್ನೇ ಕೊಟ್ಟರು. ಮಂಗಳೂರಿನಲ್ಲೇ ತರಬೇತಿ ಸಿಗುವಂತಾದದ್ದು 1940ರ ದಶಕದಲ್ಲಿ ಸೇಂಟ್ ಆ್ಯನ್ಸ್‌ನ ಸಿಸ್ಟರುಗಳು ಹೆಣ್ಣುಮಕ್ಕಳಿಗಾಗಿ ಕಾಲೇಜು ತೆರೆದಾಗ. 1956ರಲ್ಲಿ ರಾಜ್ಯ ಒಂದಾದಾಗ ಸ್ಟಾಫ್ ರೂಮುಗಳಲ್ಲಿ ಎಲ್.ಟಿ., ಬಿ.ಟಿ., ಬಿ.ಎಡ್. ಎಲ್ಲ ಒಟ್ಟಿಗೆ ಕೂತವು. ನನ್ನ ಸರ್ವೀಸಿನ ಮೊದಲ ವರ್ಷಗಳಲ್ಲೂ ‘ನಾವು ಬೀಟಿ ಮಾಡಿದವರು’ ಎಂದು ಬಿ.ಎಡ್.ನವರನ್ನು ಒಂದು ಮಣೆ ಕೆಳಗೆ ಕೂರಿಸುವ ಹಿರಿಯರಿದ್ದರು.

ಮಾಸ್ಟ್ರ ನೋಟ್‌ಬುಕ್ಕಿಗೆ ಬರುತ್ತೇನೆ. ಪುಟದ ಎಡಕ್ಕೆ ‘ವಿಷಯ’, ಬಲಕ್ಕೆ ‘ಕ್ರಮ’, ಕೆಳಗೆ ಕಪ್ಪುಹಲಗೆಯ ಚಿತ್ರ. ಪಾಠಕ್ಕೆ ಐದು ಮೆಟ್ಟಿಲು: ಪೂರ್ವಸಿದ್ಧತೆ, ನಿರೂಪಣೆ, ಹೋಲಿಕೆ, ಸಾಮಾನ್ಯೀಕರಣ, ಅನ್ವಯ. ಹರ್ಬಾರ್ಟ್ ಎಂಬ ಜರ್ಮನ್ ತತ್ತ್ವಜ್ಞಾನಿಯ ಹಿಂಬಾಲಕರು ಕಟ್ಟಿದ ಮೆಟ್ಟಿಲುಗಳಿವು. ಐವತ್ತು ವರ್ಷದ ಬಳಿಕ ನಾನೂ ಹೆಸರು ಚೂರುಪಾರು ಬದಲಾದ ಅದೇ ಮೆಟ್ಟಿಲು ಹತ್ತಿದ್ದೇನೆ. ಬರಹ ತಾಮ್ರಪಟದಲ್ಲಿ ಕೆತ್ತಿದ ಹಾಗೆ. ಪ್ರತಿ ಪಾಠದ ಕೆಳಗೆ ಪ್ರೊಫೆಸರರ ಕೆಂಪು ಶಾಯಿಯ ಎರಡು ಸಾಲು.

ಮಕ್ಕಳ ಮನೆಮಾತನ್ನು ಏನು ಮಾಡುವುದು ಎಂಬ ಒಂದೇ ಪ್ರಶ್ನೆಯ ಸುತ್ತ ಈ ತರಬೇತಿ ನೂರು ವರ್ಷ ತಿರುಗಿದೆ ಎಂದು ನನಗೆ ಹೊಳೆದದ್ದು ಆ ಪುಟಗಳನ್ನು ಓದುವಾಗ. ಮೊದಲು ಇದ್ದದ್ದು ವ್ಯಾಕರಣ ಮತ್ತು ಭಾಷಾಂತರದ ಪದ್ಧತಿ. ಭಂಡಾರ್ಕರರು ಸಂಸ್ಕೃತ ಕಲಿಸಲು ಬರೆದ ಪಾಠಪುಸ್ತಕಗಳ ಧಾಟಿಯದೆಂದು ಮುಂಬೈಯ ಟ್ರೈನಿಂಗ್ ಕಾಲೇಜುಗಳಲ್ಲಿ ಅದಕ್ಕೆ ಭಂಡಾರ್ಕರ್ ಮೆಥಡ್ ಎಂದೇ ಹೆಸರು. ಅಲ್ಲಿ ಮನೆಮಾತು ಒಳಗೇ ಇತ್ತು: ನಿಯಮ ಹೇಳು, ವಾಕ್ಯ ಕೊಡು, ಕನ್ನಡಕ್ಕೆ ತಿರುಗಿಸು. ಆಮೇಲೆ ಯುರೋಪಿನಿಂದ ಡೈರೆಕ್ಟ್ ಮೆಥಡ್ ಬಂದು ಮನೆಮಾತನ್ನು ಬಾಗಿಲಾಚೆ ನಿಲ್ಲಿಸಿತು. ಮಾವಿನಹಣ್ಣು ತೋರಿಸು, ಇಂಗ್ಲಿಷಿನಲ್ಲಿ ಹೆಸರು ಹೇಳು, ತಪ್ಪಿಯೂ ಬೇರೆ ಮಾತು ಆಡಬೇಡ. ಢಾಕಾದ ಟ್ರೈನಿಂಗ್ ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ಮೈಕೇಲ್ ವೆಸ್ಟ್ 1926ರಲ್ಲಿ ಬಂಗಾಳದ ದ್ವಿಭಾಷಿಕತೆಯ ಬಗ್ಗೆ ಬರೆಯುತ್ತ ಬೇರೆಯೇ ದಾರಿ ತೋರಿಸಿದರು. ನಮ್ಮ ದೇಶದ ಹುಡುಗನಿಗೆ ಮೊದಲು ಬೇಕಾದದ್ದು ಓದಿ ತಿಳಿಯುವ ಇಂಗ್ಲಿಷ್, ಮಾತು ಆಮೇಲೆ ಬಂದೀತು ಎಂಬುದು ಅವರ ವಾದ. ಆಯ್ದ ಪದಗಳಲ್ಲೇ ಕಥೆ ಹೇಳುವ ಅವರ ಓದುಪುಸ್ತಕಗಳು ದೇಶವಿಡೀ ನಡೆದವು. ನನ್ನ ಕಣ್ಣಿಗೆ ಎಲ್ಲರಿಗಿಂತ ವಿವೇಕಿ ಆತನೇ. ಪರೀಕ್ಷೆಯಲ್ಲಿ ನಾವು ಅವರ ಬಗ್ಗೆ ಗುಣ ನಾಲ್ಕು, ದೋಷ ನಾಲ್ಕು ಬರೆದು ಮುಂದೆ ಹೋಗುತ್ತಿದ್ದೆವು.

ನನ್ನ ಕಾಲಕ್ಕೆ ರಾಜ್ಯಭಾರ ಸ್ಟ್ರಕ್ಚರಲ್ ಅಪ್ರೋಚಿನದು. 1950ರ ದಶಕದಲ್ಲಿ ಮದ್ರಾಸಿನಿಂದ ಹಬ್ಬಿದ್ದು ಇದು. ವಾಕ್ಯದ ಅಚ್ಚುಗಳನ್ನು ಸುಲಭದಿಂದ ಕಷ್ಟಕ್ಕೆ ಸಾಲಾಗಿ ಜೋಡಿಸಿ, ಒಂದೊಂದನ್ನೂ ಸನ್ನಿವೇಶದಲ್ಲಿ ತೋರಿಸಿ, ಮಕ್ಕಳಿಂದ ಹತ್ತು ಸಲ ಹೇಳಿಸಬೇಕು. ಅದನ್ನು ಕಲಿಸಲು ಮದ್ರಾಸ್ ರಾಜ್ಯದಲ್ಲಿ 27,000 ಪ್ರಾಥಮಿಕ ಶಿಕ್ಷಕರಿಗೆ ಮರುತರಬೇತಿ ಕೊಡುವ ಯೋಜನೆ ನಡೆಯಿತು. ಕೆಲವರಿಗೆ ಕಲಿಸು, ಅವರು ಹಲವರಿಗೆ ಕಲಿಸಲಿ ಎಂಬ ಲೆಕ್ಕ. ಅದಕ್ಕೆ ಇಟ್ಟ ಹೆಸರು ‘ಮದ್ರಾಸ್ ಸ್ನೋಬಾಲ್’. ಹಿಮದುಂಡೆ ಉರುಳುತ್ತ ದೊಡ್ಡದಾಗುತ್ತದಂತೆ. ಮದ್ರಾಸಿನ ಬಿಸಿಲಿನಲ್ಲಿ ಹಿಮದುಂಡೆ ಎಷ್ಟು ದೂರ ಉರುಳೀತು ಎಂದು ಹೆಸರಿಟ್ಟವರು ಯೋಚಿಸಿದ ಹಾಗಿಲ್ಲ.

ನಾನು ಬಿ.ಎಡ್. ಮಾಡಿದ್ದು 1983-84ರಲ್ಲಿ, ಮಂಗಳೂರಿನಲ್ಲಿ. ಆಗ ಒಂದೇ ವರ್ಷದ ಕೋರ್ಸು. ಎರಡು ಮೆಥಡ್ ತೆಗೆದುಕೊಳ್ಳಬೇಕು, ನನ್ನವು ಇಂಗ್ಲಿಷ್ ಮತ್ತು ಇತಿಹಾಸ. ಒಂದೊಂದಕ್ಕೆ ಇಪ್ಪತ್ತು ಪಾಠ. ಮೊದಲು ಮೈಕ್ರೋ ಟೀಚಿಂಗ್: ಆರು ನಿಮಿಷ ಪಾಠ, ಆರು ನಿಮಿಷ ವಿಮರ್ಶೆ, ಹನ್ನೆರಡು ನಿಮಿಷ ಮರುಯೋಜನೆ, ಮತ್ತೆ ಆರು ನಿಮಿಷ ಪಾಠ, ಆರು ನಿಮಿಷ ವಿಮರ್ಶೆ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಹುಟ್ಟಿ ಬರೋಡಾದಲ್ಲಿ ಒಗ್ಗಿಕೊಂಡು ನಮ್ಮ ತನಕ ಬಂದ ವಿದ್ಯೆ. ಮಕ್ಕಳ ಜಾಗದಲ್ಲಿ ಮೀಸೆ ಬಂದ ಸಹಪಾಠಿಗಳೇ ಕೂತು ‘ಗೊತ್ತಿಲ್ಲ ಸಾರ್’ ಎನ್ನುತ್ತಿದ್ದರು. ಆಮೇಲೆ ರೋಲಪ್ ಬೋರ್ಡು, ಫ್ಲ್ಯಾನಲ್ ಬೋರ್ಡು, ಚಾರ್ಟು ಕಂಕುಳಲ್ಲಿಟ್ಟುಕೊಂಡು ಸಿಟಿ ಬಸ್ಸಿನಲ್ಲಿ ಪ್ರಾಕ್ಟೀಸ್ ಟೀಚಿಂಗಿಗೆ ಹೊರಡುವುದು. ನಾವು ಹೋದ ಶಾಲೆಯ ಇಂಗ್ಲಿಷ್ ಮಾಸ್ಟ್ರು ಮೊದಲ ದಿನವೇ ಕೈಮುಗಿದು ಹೇಳಿಬಿಟ್ಟರು: ‘ನಿಮ್ಮದು ಇಪ್ಪತ್ತು ಪಾಠ ಆರಾಮಲ್ಲಿ ಮುಗಿಸಿ ಮಾರಾಯ್ರೆ. ಆಮೇಲೆ ನಾನು ಒಂದು ವಾರದಲ್ಲಿ ಎಲ್ಲ ಸಮ ಮಾಡ್ತೇನೆ.’

ನನ್ನ ಏಳನೇ ಪಾಠ ಪ್ರೆಸೆಂಟ್ ಪರ್ಫೆಕ್ಟ್. ಎಂಟನೇ ಕ್ಲಾಸು, ಊಟದ ನಂತರದ ಪೀರಿಯಡ್, ಹೊರಗೆ ಜಡಿಮಳೆ. ಹಿಂದಿನ ಬೆಂಚಿನಲ್ಲಿ ನಮ್ಮ ಮೆಥಡ್ ಮಾಸ್ಟರು ಪೆನ್ನಿನ ಮುಚ್ಚಳ ತೆಗೆದು ಕೂತಿದ್ದಾರೆ. ಪುಸ್ತಕದಲ್ಲಿ ಇದ್ದ ಹಾಗೇ ಮಾಡಿದೆ. ಬಾಗಿಲಿನ ಕಡೆ ನಡೆಯುತ್ತ ‘ಬಾಗಿಲಿಗೆ ಹೋಗುತ್ತಿದ್ದೇನೆ’ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಚಿಲಕಕ್ಕೆ ಕೈಯಿಟ್ಟು ‘ತೆರೆಯುತ್ತಿದ್ದೇನೆ’ ಅಂದೆ. ತೆರೆದೆ. ಎರಚಲು ಮುಖಕ್ಕೇ ಹೊಡೆಯಿತು, ಮೊದಲ ಸಾಲಿನ ಹುಡುಗಿಯರ ಪುಸ್ತಕವೂ ಒದ್ದೆ. ಬಿಡಲಿಲ್ಲ ನಾನು. ಒದ್ದೆ ಕನ್ನಡಕದಲ್ಲೇ ತಿರುಗಿ ನಿಂತು, ‘ಈಗ ನಾನು ಏನು ಮಾಡಿದ್ದೇನೆ?’ ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಒಬ್ಬ ಹುಡುಗ ತಟ್ಟನೆ ಎದ್ದು ಹೇಳಿದ:

‘ಬಾಕಿಲ್ ದೆತ್ತರ್ ಸರ್.’

ಕ್ಲಾಸು ಗೊಳ್ಳೆಂದು ನಕ್ಕಿತು. ಮೆಥಡ್ ಮಾಸ್ಟರ ಪೆನ್ನು ಓಡಿತು. ಪಾಠ ಮುಗಿದ ಮೇಲೆ ನೋಡಿದರೆ ಕೆಂಪಕ್ಷರದಲ್ಲಿ, ಮಾತೃಭಾಷೆ ಬಳಕೆಯಾಗಿದೆ, ಉತ್ತೇಜನ ಕೊಡಬಾರದು ಎಂದು ಬರೆದಿದ್ದರು. ಅವರು ಘಟ್ಟದ ಮೇಲಿನವರು, ಮಂಗಳೂರಿಗೆ ಬಂದು ಒಂದು ವರ್ಷ ಆಗಿತ್ತಷ್ಟೆ. ಹೊರಗೆ ಕೊಡೆ ಬಿಚ್ಚುತ್ತ ಮೆಲ್ಲಗೆ ಕೇಳಿದರು: ‘ಅಲ್ಲಾರೀ, ಆ ಹುಡುಗ ಏನಂದ?’

‘ಬಾಗಿಲು ತೆಗೆದ್ರಿ ಅಂದ ಸಾರ್.’

‘ಸರಿಯಾಗೇ ಹೇಳಿದ್ದಾನಲ್ಲ!’ ಎಂದರು. ನೋಟ್‌ಬುಕ್ಕಿನಲ್ಲಿ ಬರೆದದ್ದನ್ನು ಮಾತ್ರ ತಿದ್ದಲಿಲ್ಲ.

ಆ ಕ್ಲಾಸಿನಲ್ಲಿ ತುಳುವಿನವರು ಹೆಚ್ಚು, ಕೊಂಕಣಿಯವರು ಕೆಲವರು, ಬ್ಯಾರಿ ಮಾತಿನ ಹುಡುಗರು ನಾಲ್ಕೈದು. ಮನೆಯಲ್ಲಿ ಕನ್ನಡ ಆಡುವವರು ಇಬ್ಬರೋ ಮೂವರೋ. ನಮ್ಮ ಪಠ್ಯಪುಸ್ತಕಗಳಲ್ಲಿ ಮಾತೃಭಾಷೆ ಎಂಬ ಪದ ಬಂದಲ್ಲೆಲ್ಲ ಕನ್ನಡ ಎಂದೇ ಓದಿಕೊಳ್ಳಬೇಕಿತ್ತು. ಭಾಷಾಂತರ ಪದ್ಧತಿಯಲ್ಲಿ ಆ ಮಕ್ಕಳು ಇಂಗ್ಲಿಷನ್ನು ಕಲಿಯುತ್ತಿದ್ದದ್ದು ಶಾಲೆಗೆ ಬಂದು ಕಲಿತ ಇನ್ನೊಂದು ಭಾಷೆಯ ಮೂಲಕ. ಡೈರೆಕ್ಟ್ ಮೆಥಡ್ ಹೊರಗಟ್ಟಿದ್ದು ಯಾವ ಭಾಷೆಯನ್ನು ಎಂದು ಯಾವ ಪ್ರೊಫೆಸರರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ನಾನು ಬಾಗಿಲು ತೆರೆದು ಮುಚ್ಚುತ್ತಿದ್ದ ಹೊತ್ತಿಗೇ ಬೆಂಗಳೂರಿನಲ್ಲಿ ಬೇರೆಯೇ ಕೆಲಸ ನಡೆಯುತ್ತಿತ್ತು. ದಕ್ಷಿಣದ ರಾಜ್ಯಗಳು ಸೇರಿ 1963ರಲ್ಲಿ ಅಲ್ಲಿ ಇಂಗ್ಲಿಷ್ ಬೋಧನೆಗೆಂದೇ ಒಂದು ಪ್ರಾದೇಶಿಕ ಸಂಸ್ಥೆ ಕಟ್ಟಿದ್ದವು. ನಮ್ಮ ಬಾಯಲ್ಲಿ ಅದು ಆರ್.ಐ.ಇ. ಮದ್ರಾಸಿನ ಬ್ರಿಟಿಷ್ ಕೌನ್ಸಿಲಿನಲ್ಲಿದ್ದ ಎನ್.ಎಸ್. ಪ್ರಭು ಅದರ ಜೊತೆಗೂಡಿ 1979ರಿಂದ 1984ರವರೆಗೆ ಸಾಮಾನ್ಯ ಶಾಲೆಗಳ ಮಕ್ಕಳೊಂದಿಗೆ ಒಂದು ಪ್ರಯೋಗ ಮಾಡಿದರು. ವ್ಯಾಕರಣದ ಪಾಠ ಇಲ್ಲ, ಹತ್ತು ಸಲ ಹೇಳಿಸುವುದೂ ಇಲ್ಲ. ರೈಲಿನ ವೇಳಾಪಟ್ಟಿ ಕೊಟ್ಟು ಈ ಊರಿಗೆ ಬೇಗ ತಲುಪುವ ಗಾಡಿ ಯಾವುದೆಂದು ಕೇಳುವುದು, ನಕ್ಷೆ ಕೊಟ್ಟು ದಾರಿ ಹುಡುಕಿಸುವುದು. ಲಕ್ಷ್ಯವೆಲ್ಲ ಕೆಲಸದ ಮೇಲಿದ್ದರೆ ಭಾಷೆ ತಾನಾಗಿ ಒಳಗೆ ಇಳಿಯುತ್ತದೆ ಎಂಬುದು ಅವರ ನಂಬಿಕೆ. ಜಗತ್ತಿನ ಭಾಷಾಬೋಧಕರು ಇಂದಿಗೂ ಅದನ್ನು ಬೆಂಗಳೂರು ಪ್ರಾಜೆಕ್ಟ್ ಎಂದೇ ಕರೆಯುತ್ತಾರೆ. 1987ರಲ್ಲಿ ಪ್ರಭು ಅದರ ಬಗ್ಗೆ ಪುಸ್ತಕ ಬರೆದರು. ಮುನ್ನೂರೈವತ್ತು ಕಿಲೋಮೀಟರ್ ಆಚೆ ಬಿ.ಎಡ್. ಓದುತ್ತಿದ್ದ ನಮಗೆ ಇದರ ಗಾಳಿಯೂ ಸೋಕಲಿಲ್ಲ. ನಾನು ಆ ಹೆಸರು ಕೇಳಿದ್ದು ಕೆಲಸಕ್ಕೆ ಸೇರಿ ಹತ್ತು ವರ್ಷವಾದ ಮೇಲೆ, ಆರ್.ಐ.ಇ.ಗೆ ತರಬೇತಿಗೆ ಹೋಗಿಬಂದ ಸಹೋದ್ಯೋಗಿಯ ಬಾಯಿಂದ. ಮರುದಿನವೇ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿಗೆ ಹೋಗಿ ಬಸ್ಸುಗಳ ಸಮಯ ಬರೆದುಕೊಂಡು ಬಂದು ಒಂಬತ್ತನೇ ಕ್ಲಾಸಿಗೆ ಕೊಟ್ಟೆ. ಮಕ್ಕಳು ತುಳುವಿನಲ್ಲಿ ಜಗಳಾಡಿಕೊಂಡು ಉತ್ತರ ಹುಡುಕಿ ಇಂಗ್ಲಿಷಿನಲ್ಲಿ ಬರೆದರು. ನನ್ನ ಸರ್ವೀಸಿನಲ್ಲಿ ಅಷ್ಟು ಗದ್ದಲದ, ಅಷ್ಟು ಒಳ್ಳೆಯ ಪೀರಿಯಡ್ ಇನ್ನೊಂದಿಲ್ಲ.

ಆಮೇಲಿನದು ಈಚಿನ ಕಥೆ. 2007-08ರಿಂದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಬಂತು, 2015ರಿಂದ ಬಿ.ಎಡ್. ಎರಡು ವರ್ಷವಾಯಿತು. ನಿವೃತ್ತಿಗೆ ಮುಂಚಿನ ವರ್ಷಗಳಲ್ಲಿ ನಮ್ಮ ಶಾಲೆಗೆ ಬಂದ ತರಬೇತಿಯ ಮಕ್ಕಳ ಪಾಠಯೋಜನೆಗಳನ್ನು ನಾನೇ ತಿದ್ದಿದ್ದೇನೆ. ಕೆಲವು ಜೆರಾಕ್ಸ್ ಅಂಗಡಿಯಲ್ಲೇ ಹುಟ್ಟಿದವು, ಮೂರು ಜನರದ್ದೂ ಅಕ್ಷರಕ್ಕೆ ಅಕ್ಷರ ಒಂದೇ. ವರ್ಷ ಎರಡಾದದ್ದರಿಂದ ಅವರ ಇಂಗ್ಲಿಷ್ ನಮ್ಮದಕ್ಕಿಂತ ಸುಧಾರಿಸಿದೆ ಎಂದು ನನಗೆ ಕಾಣಲಿಲ್ಲ. ಸುಧಾರಿಸುವುದು ಹೇಗೆ? ನಮಗಾಗಲಿ ಅವರಿಗಾಗಲಿ ಮೆಥಡ್ ಕಲಿಸಿದರೇ ಹೊರತು ಇಂಗ್ಲಿಷನ್ನು ಯಾರೂ ಕಲಿಸಲಿಲ್ಲ. ಅದು ಬಿ.ಎ.ಯಲ್ಲೇ ಬಂದಿದೆ ಎಂದು ಎಲ್ಲರೂ ತಿಳಿದುಕೊಂಡಿದ್ದರು. ಕಂಪನಿ ಸರ್ಕಾರ ತಿಳಿದ ಹಾಗೆಯೇ.

ಮಾಸ್ಟ್ರ ನೋಟ್‌ಬುಕ್ಕಿನಲ್ಲಿ ಒಂದು ಸಂಗತಿ ನನ್ನ ಕಣ್ಣಿಗೆ ಬಿದ್ದದ್ದು ಎರಡನೇ ಓದಿನಲ್ಲಿ. ಅವರು ಪಾಠ ಹೇಳಿದ್ದು ಸೈದಾಪೇಟೆಯ ತಮಿಳು ಮಕ್ಕಳಿಗೆ. ಪದ್ಧತಿ ಡೈರೆಕ್ಟ್ ಮೆಥಡ್, ಮಾತೃಭಾಷೆ ಪೂರ್ಣ ನಿಷಿದ್ಧ. ಕೆಂಪು ಶಾಯಿಯ ಟೀಕೆಗಳಲ್ಲೂ ಎರಡು ಕಡೆ ಅದಕ್ಕೆ ಶಹಭಾಸ್ ಸಿಕ್ಕಿದೆ. ಆದರೆ ಪುಟಗಳ ಒಳಅಂಚಿನಲ್ಲಿ, ಹೊಲಿಗೆಯ ಹತ್ತಿರ, ಪುಸ್ತಕ ಪೂರ್ತಿ ಬಿಡಿಸಿದರೆ ಮಾತ್ರ ಕಾಣುವಲ್ಲಿ, ಪೆನ್ಸಿಲಿನಿಂದ ಸಣ್ಣಗೆ ಕನ್ನಡ ಲಿಪಿಯಲ್ಲಿ ಬರೆದಿಟ್ಟುಕೊಂಡಿದ್ದಾರೆ. ಕರುವಿಗೆ ‘ಕನ್ನುಕುಟ್ಟಿ’, ಎತ್ತಿನ ಗಾಡಿಗೆ ‘ಮಾಟ್ಟುವಂಡಿ’, ಬಾವಿಗೆ ‘ಕಿಣರು’. ಇಪ್ಪತ್ತಮೂರು ಪದಗಳಿವೆ, ಎಲ್ಲವೂ ತಮಿಳಿನವು.