ವಿಂಡ್ಸ್ ಆಫ್ ಸಂಸಾರ: ವಾದ್ಯಸಂಗೀತದಲ್ಲಿ ಕಾಲದ ಚಿಂತನೆ

ವಾದ್ಯಸಂಗೀತಕ್ಕೆ ಸಾಹಿತ್ಯದ ಆಸರೆ ಇಲ್ಲ. ಸಂಯೋಜಕನ ಚಿಂತನೆ, ಕಾಲದ ಕಳವಳಗಳು ಅಲ್ಲಿ ನಾದ, ಲಯ ಹಾಗೂ ಶೀರ್ಷಿಕೆಗಳ ಮೂಲಕವೇ ಕೇಳುಗರನ್ನು ತಲುಪಬೇಕು. ಬೆಂಗಳೂರಿನ ಸಂಗೀತ ಸಂಯೋಜಕ ರಿಕಿ ಕೇಜ್ ಅವರ ‘ವಿಂಡ್ಸ್ ಆಫ್ ಸಂಸಾರ’ (2014) ಇದಕ್ಕೊಂದು ನಿದರ್ಶನ.

ದಕ್ಷಿಣ ಆಫ್ರಿಕಾದ ಕೊಳಲುವಾದಕ ವೌಟರ್ ಕೆಲ್ಲರ್‌ಮನ್ ಅವರೊಡನೆ ರೂಪಿಸಿದ, ವಾದ್ಯಪ್ರಧಾನವಾದ ಈ ಆಲ್ಬಂಗೆ ಮಹಾತ್ಮ ಗಾಂಧಿ ಹಾಗೂ ನೆಲ್ಸನ್ ಮಂಡೇಲಾ ಅವರ ಆದರ್ಶಗಳೇ ಪ್ರೇರಣೆ. 1893ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ತೆರಳಿದ ಗಾಂಧೀಜಿ ಸತ್ಯಾಗ್ರಹವನ್ನು ರೂಪಿಸಿದ್ದು ಅಲ್ಲಿಯೇ. ಹೀಗಾಗಿ ಎರಡು ದೇಶಗಳ ಕಲಾವಿದರ ಈ ಸಮಾಗಮಕ್ಕೆ ಚಾರಿತ್ರಿಕ ಹಿನ್ನೆಲೆಯೂ ಇದೆ. 2015ರ ಫೆಬ್ರುವರಿಯಲ್ಲಿ ಆಲ್ಬಂ ‘ನ್ಯೂ ಏಜ್’ ವಿಭಾಗದ ಗ್ರ್ಯಾಮಿ ಪ್ರಶಸ್ತಿಗೆ ಪಾತ್ರವಾಯಿತು.

ಜಾಹೀರಾತು, ಚಲನಚಿತ್ರಗಳಿಗೂ ಸಂಗೀತ ನೀಡುತ್ತಿದ್ದ ಕೇಜ್, ಪ್ರಶಸ್ತಿಯ ಬಳಿಕ ತಮ್ಮ ಸಂಗೀತವನ್ನು ಪರಿಸರ ಜಾಗೃತಿಗೆ ಮೀಸಲಿಡಲು ನಿರ್ಧರಿಸಿದರು. ಅದೇ ವರ್ಷ ಪ್ಯಾರಿಸ್ ಹವಾಮಾನ ಶೃಂಗಸಭೆಯ ವೇಳೆ ಅವರ ‘ಶಾಂತಿ ಸಂಸಾರ’ ಬಿಡುಗಡೆಯಾಯಿತು. ಮುಂದೆ ‘ವೈಲ್ಡ್ ಕರ್ನಾಟಕ’ ಸಾಕ್ಷ್ಯಚಿತ್ರಕ್ಕೂ ಸಂಗೀತ ನೀಡಿದರು. ಜಾಗತಿಕ ವೇದಿಕೆಯಲ್ಲಿ ದನಿ ಪಡೆದ ಕಾಳಜಿ ಹೀಗೆ ಈ ನಾಡಿನ ಕಾಡುಗಳಿಗೂ ತಲುಪಿತು.

ಸಂಗೀತವೊಂದರಿಂದಲೇ ಅರಣ್ಯ ಉಳಿಯದು. ಆದರೆ ಅಂಕಿಅಂಶಗಳಿಗೆ ಕಿವಿಗೊಡದವರನ್ನೂ ಅದು ತಲುಪಬಲ್ಲದು ಎಂಬುದೇ ಈ ಪ್ರಯತ್ನಗಳ ಹಿಂದಿರುವ ನಂಬಿಕೆ.